ಮನೆಗೆ ಸೋಲಾರ್: ಬಿಲ್ಲಿಗಾ, ಕತ್ತಲೆಗಾ?

"ಎಷ್ಟು ಕಿಲೋವಾಟ್ ಹಾಕಿಸಲಿ?" ಸೋಲಾರ್ ವಿಷಯಕ್ಕೆ ನನಗೆ ಫೋನ್ ಮಾಡುವವರು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ: ನಿಮಗಿರುವ ತೊಂದರೆ ಬಿಲ್ಲಾ, ಕರೆಂಟ್ ಹೋಗುವುದಾ? "ಎರಡೂ" ಅಂತಾರೆ. ಇನ್ನೂ ಸ್ವಲ್ಪ ಮಾತಾಡಿಸಿದರೆ, ಆ ಮನೆಗೆ ಬರುತ್ತಿರುವ ಬಿಲ್ಲೇ ಸೊನ್ನೆ ಎಂದು ಗೊತ್ತಾಗುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಕಥೆ ಹೀಗೇ ಇದೆ. ಅಂಥವರು ಬಿಲ್ ಉಳಿಸಲು ಎರಡು ಲಕ್ಷ ಸುರಿಯುವುದರಲ್ಲಿ ಏನರ್ಥ?

ಹಾಗಾಗಿ ಈ ಒಂದು ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಮೊದಲು ತೀರ್ಮಾನ ಮಾಡಿಕೊಳ್ಳಿ. ಬಿಲ್ ಇಳಿಸುವ ಸೋಲಾರ್ ಬೇರೆ, ಕತ್ತಲೆಗೆ ಬೇಕಾದ ಸೋಲಾರ್ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಲ್ಲೇ ದುಡ್ಡು ಹೋಗುವುದು.

ಕೊಳ್ಳುವ ಮೊದಲು ನೋಡಬೇಕಾದದ್ದು

ಬಿಲ್ಲಾ ಕತ್ತಲೆಯಾ ಎಂಬುದು ಇತ್ಯರ್ಥವಾದ ಮೇಲೆ ಇನ್ನು ನಾಲ್ಕು ವಿಷಯ ಉಳಿಯುತ್ತವೆ. ಕರೆಂಟ್ ಇಲ್ಲದಾಗ ನಿಮ್ಮ ಮನೆಗೆ ರಾತ್ರಿಗೆ ಎಷ್ಟು ಯೂನಿಟ್ ಬೇಕು? ನಿಮ್ಮೂರಲ್ಲಿ ಕರೆಂಟ್ ಯಾವ ಕಾಲದಲ್ಲಿ ಹೋಗುತ್ತದೆ, ಆಗ ಬಿಸಿಲು ಇರುತ್ತದಾ? ಬ್ಯಾಟರಿಗೆ ನೀರು ಹಾಕಿ ನೋಡಿಕೊಳ್ಳುವವರು ಮನೆಯಲ್ಲಿ ಇದ್ದಾರಾ? ಕೊನೆಯದಾಗಿ, ಬ್ಯಾಟರಿ ಬದಲಿಸುವ ಖರ್ಚನ್ನೂ ಸೇರಿಸಿದರೆ ಹತ್ತು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ?

ರಾತ್ರಿಯ ಲೆಕ್ಕ ಕಷ್ಟವೇನಲ್ಲ. ಒಂದು ಸಾಧಾರಣ ಮನೆ ತೆಗೆದುಕೊಳ್ಳಿ. ಮೂರು ಫ್ಯಾನ್ ಎಂಟು ಗಂಟೆ, 9 ವಾಟಿನ ಆರು ಎಲ್‌ಇಡಿ ಬಲ್ಬ್ ಐದು ಗಂಟೆ, ಟಿವಿ ಎರಡು ಗಂಟೆ, ವೈಫೈ ರೂಟರ್ ಹನ್ನೆರಡು ಗಂಟೆ, ಒಂದಷ್ಟು ಫೋನ್ ಚಾರ್ಜಿಂಗ್. ಫ್ಯಾನ್ ಹಳೆಯದಾದರೆ ಒಂದೊಂದೂ 75 ವಾಟ್ ತಿನ್ನುತ್ತದೆ. ಒಟ್ಟು 2,400 ವಾಟ್-ಅವರ್, ಅಂದರೆ ಸುಮಾರು 2.4 ಯೂನಿಟ್. ಅದೇ ಮೂರು ಫ್ಯಾನನ್ನು ಕಡಿಮೆ ಕರೆಂಟ್ ತಿನ್ನುವ, 30 ವಾಟಿನ ಬಿಎಲ್‌ಡಿಸಿ ಬಗೆಯ ಫ್ಯಾನ್ ಮಾಡಿದರೆ 1.3 ಯೂನಿಟ್‌ಗೆ ಇಳಿಯುತ್ತದೆ.

ಉಳಿತಾಯವಾದ ಆ 1.1 ಯೂನಿಟ್ ಒಂದು ಬ್ಯಾಟರಿ ಕೊಡುವುದಕ್ಕಿಂತಲೂ ಜಾಸ್ತಿ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತದೆ. ಟ್ಯೂಬುಲರ್ ಬ್ಯಾಟರಿ, ಅಂದರೆ ಯುಪಿಎಸ್‌ಗೆ ಮಾಮೂಲಾಗಿ ಹಾಕುವ ಸೀಸದ ಬ್ಯಾಟರಿ, ಬಾಳಿಕೆ ಬರಬೇಕಾದರೆ ದಿನಾ ಅದರ ಅರ್ಧದಷ್ಟು ಮಾತ್ರ ಬಳಸಬೇಕು. ಇನ್ವರ್ಟರ್ ತಿನ್ನುವುದನ್ನೂ ಕಳೆದರೆ ಕೈಗೆ ಸಿಗುವುದು ಮುಕ್ಕಾಲು ಯೂನಿಟ್ ಆಸುಪಾಸು. ಬ್ಯಾಟರಿಗೆ ಸುಮಾರು 15,000 ರೂಪಾಯಿ, ಮೂರು ಫ್ಯಾನಿಗೆ 9,000 ಆಸುಪಾಸು. ಫ್ಯಾನಿಗೆ ನೀರೂ ಹಾಕಬೇಕಿಲ್ಲ, ಐದು ವರ್ಷಕ್ಕೆ ಬದಲಿಸಬೇಕಾಗಿಯೂ ಇಲ್ಲ. ಸೋಲಾರಿನ ಮೊದಲ ಖರ್ಚು ಫ್ಯಾನಿಗೆ ಆಗಲಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಇದಕ್ಕೇ.

ಬೆಲೆಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಆಗುತ್ತವೆ. ಇಲ್ಲಿ ಹೇಳುವುದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ.

ಒಂದು: ಪ್ಯಾನೆಲ್ಲೇ ಬೇಡದವರು

ನಿಮ್ಮೂರಲ್ಲಿ ಕರೆಂಟ್ ದಿನಕ್ಕೆ ಎರಡು ಮೂರು ಗಂಟೆ ಹೋಗಿ ಮತ್ತೆ ಬರುತ್ತದಾ? ಹಾಗಾದರೆ ಯುಪಿಎಸ್ ಸಾಕು. ಬಂದ ಕರೆಂಟಿನಲ್ಲಿ ಬ್ಯಾಟರಿ ತುಂಬಿಕೊಳ್ಳುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಇರುವ ಮನೆಗೆ ಅದರ ಖರ್ಚೂ ಇಲ್ಲ. ಬೆಂಗಳೂರು, ಮೈಸೂರಿನ ಬಹಳಷ್ಟು ಮನೆಗಳು ಈ ಸಾಲಿಗೇ ಸೇರುತ್ತವೆ. ಯುಪಿಎಸ್ ಈಗಾಗಲೇ ಇದ್ದು ರಾತ್ರಿ ಪೂರ್ತಿ ಬರುತ್ತಿಲ್ಲ ಅಂದರೆ, ಬ್ಯಾಟರಿಗೆ ಎಷ್ಟು ವರ್ಷ ಆಯಿತು ನೋಡಿ, ಫ್ಯಾನ್ ಬದಲಿಸಿ. ಅದರಲ್ಲೇ ಮುಗಿಯಬಹುದು.

ಎರಡು: ಇರುವ ಯುಪಿಎಸ್‌ಗೆ ಪ್ಯಾನೆಲ್ ಸೇರಿಸುವುದು

ಇಡೀ ದಿನ ಕರೆಂಟ್ ಇಲ್ಲದ ಊರುಗಳಿಗೆ ಕಡಿಮೆ ಖರ್ಚಿನ ದಾರಿ ಇದು. ಒಂದು ಪ್ಯಾನೆಲ್, ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಒಂದು ಚಾರ್ಜ್ ಕಂಟ್ರೋಲರ್, ಸ್ಟ್ಯಾಂಡು, ವೈರು. 25ರಿಂದ 30 ಸಾವಿರದೊಳಗೆ ಆಗುತ್ತದೆ. ಆದರೆ ಅತಿ ಹೆಚ್ಚು ಜನ ಕೈಸುಟ್ಟುಕೊಳ್ಳುವುದೂ ಇಲ್ಲೇ.

ನನಗೆ ಆದದ್ದನ್ನೇ ಹೇಳುತ್ತೇನೆ. ನಮ್ಮದು ಸಾಗರದ ಕಡೆಯ ಹಳ್ಳಿ. ಯುಪಿಎಸ್ 12 ವೋಲ್ಟಿನದು, 150ರ ಎರಡು ಬ್ಯಾಟರಿ ಅಕ್ಕಪಕ್ಕ ಜೋಡಿಸಿದ್ದು. ಅಂಗಡಿಯವರು 335 ವಾಟಿನ ಎರಡು ಪ್ಯಾನೆಲ್ ಮತ್ತು ಪಿಡಬ್ಲ್ಯುಎಂ ಎಂಬ ಬಗೆಯ ಒಂದು ಕಂಟ್ರೋಲರ್ ಕೊಟ್ಟರು. 670 ವಾಟ್ ಬರಬೇಕು ಅಲ್ವಾ? ಫೆಬ್ರವರಿ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ಮೋಡದ ಸುಳಿವಿಲ್ಲ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಬ್ಯಾಟರಿಗೆ ಹೋಗುವ ವೈರಿನಲ್ಲಿ ನೋಡಿದೆ. 16 ಆಂಪಿಯರ್. ಬ್ಯಾಟರಿ 13 ವೋಲ್ಟಿನಲ್ಲಿತ್ತು. ಗುಣಿಸಿದರೆ 208 ವಾಟ್. ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಪ್ಯಾನೆಲ್ ಕೆಟ್ಟಿರಲಿಲ್ಲ. ಅಂಥ ಪ್ಯಾನೆಲ್ ಕೆಲಸ ಮಾಡುವುದು 38 ವೋಲ್ಟಿನ ಹತ್ತಿರ. ಪಿಡಬ್ಲ್ಯುಎಂ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕಟ್ಟಿಹಾಕುತ್ತದೆ. ಆಂಪಿಯರ್ ಅಷ್ಟೇ ಇರುತ್ತದೆ, ಮಿಕ್ಕ ವೋಲ್ಟೇಜ್ ಸುಮ್ನೆ ವ್ಯರ್ಥ. ಎಂಪಿಪಿಟಿ ಕಂಟ್ರೋಲರ್ ಹಾಗಲ್ಲ. ಹೆಚ್ಚಿರುವ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ. ಅದನ್ನು ಹಾಕಿಸಿದ ಮೇಲೆ ಅದೇ ಪ್ಯಾನೆಲ್, ಅದೇ ಹೊತ್ತು, ಮೀಟರ್ 36 ಆಂಪಿಯರ್ ತೋರಿಸಿತು.

ಪಿಡಬ್ಲ್ಯುಎಂ ಕೆಟ್ಟ ವಸ್ತು ಅಂತ ಅಲ್ಲ. 12 ವೋಲ್ಟ್ ಬ್ಯಾಟರಿಗೆ 36 ಸೆಲ್ಲಿನ ಪ್ಯಾನೆಲ್ ಹಾಕಿದರೆ ಅದು ಸರಿಯಾಗಿಯೇ ನಡೆಯುತ್ತದೆ. ಅಂಥ ಪ್ಯಾನೆಲ್ ಕೆಲಸ ಮಾಡುವುದೇ 18 ವೋಲ್ಟಿನ ಹತ್ತಿರ. ಆದರೆ ವಾಟಿನ ಲೆಕ್ಕದಲ್ಲಿ ಈಗ ಅಗ್ಗಕ್ಕೆ ಸಿಗುವುದು 540, 550 ವಾಟಿನ ದೊಡ್ಡ ಪ್ಯಾನೆಲ್‌ಗಳು. ಅವು ನಡೆಯುವುದು 41 ವೋಲ್ಟಿನ ಸುಮಾರಿಗೆ. ದೊಡ್ಡ ಪ್ಯಾನೆಲ್ ತೆಗೆದುಕೊಳ್ಳುವುದಾದರೆ ಎಂಪಿಪಿಟಿ ಇಲ್ಲದೆ ಬೇಡ. ಕಂಟ್ರೋಲರ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದೂ ಅದರ ಮೇಲೆ ಬರೆದಿರುತ್ತದೆ. ಪ್ಯಾನೆಲ್ ಹಿಂಭಾಗದ ಚೀಟಿಯಲ್ಲಿರುವ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಿರುವಾಗಿನ ವೋಲ್ಟೇಜ್) ಅದಕ್ಕಿಂತ ಕಡಿಮೆ ಇರಬೇಕು.

ಮೂರು: ಹೊಸದಾಗಿ ಸೋಲಾರ್ ಇನ್ವರ್ಟರ್ ಮತ್ತು ಬ್ಯಾಟರಿ

ಯುಪಿಎಸ್ ಇಲ್ಲದವರು, ಇದ್ದದ್ದು ಹಳತಾದವರು ಹೊಸದಾಗಿಯೇ ಶುರುಮಾಡುವುದು ಒಳ್ಳೆಯದು. 1 ಕಿಲೋವಾಟ್ ಪ್ಯಾನೆಲ್, 24 ವೋಲ್ಟಿನ ಸೋಲಾರ್ ಇನ್ವರ್ಟರ್, ಎರಡು ಬ್ಯಾಟರಿ ಸೇರಿ 70,000ದಿಂದ 1 ಲಕ್ಷದವರೆಗೆ ಆಗುತ್ತದೆ. 24 ವೋಲ್ಟೇ ಯಾಕೆ? ಸಾವಿರ ವಾಟ್ ಎಳೆಯುವಾಗ 12 ವೋಲ್ಟಿನಲ್ಲಿ 83 ಆಂಪಿಯರ್ ಹರಿಯಬೇಕು, 24ರಲ್ಲಿ ಅದರ ಅರ್ಧ ಸಾಕು. ವೈರ್ ಬಿಸಿಯಾಗುವುದು, ನಷ್ಟ ಎರಡೂ ಕಡಿಮೆ.

ಕರ್ನಾಟಕದಲ್ಲಿ 1 ಕಿಲೋವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೇಲೆ ಹೇಳಿದ ಮನೆಗೆ ಅದು ಬೇಕಾದಷ್ಟಾಯಿತು. ಹಗಲು ಫ್ರಿಜ್ಜೂ ನಡೆಯುತ್ತದೆ, ಮಿಕ್ಸಿಯೂ ತಿರುಗುತ್ತದೆ. ಬೋರ್‌ವೆಲ್ ಮೋಟರ್, ಗೀಸರ್, ಇಸ್ತ್ರಿಪೆಟ್ಟಿಗೆ ಇದಕ್ಕೆ ಜೋಡಿಸಲು ಹೋಗಬೇಡಿ. ಮೋಟರ್ ಎದ್ದೇಳುವಾಗ ಎಳೆಯುವ ಕರೆಂಟ್ ಅದು ನಡೆಯುವಾಗಿನದಕ್ಕಿಂತ ಹಲವು ಪಟ್ಟು ಜಾಸ್ತಿ. ಫ್ರಿಜ್ಜಿಗೂ ಈ ಗುಣ ಇದೆ. ಹಾಗಾಗಿ ಇನ್ವರ್ಟರ್ ಕಂಬದ ಕರೆಂಟಿನಂಥದ್ದನ್ನೇ ಕೊಡುವ ಪ್ಯೂರ್ ಸೈನ್ ವೇವ್ ಬಗೆಯದಿರಲಿ, ಫ್ರಿಜ್ಜು ನಡೆಸುವುದಾದರೆ ಕನಿಷ್ಠ 1 ಕೆವಿಎ ಇರಲಿ.

ಇಲ್ಲಿ ನಿಜವಾದ ತಲೆನೋವು ಬ್ಯಾಟರಿ. ಟ್ಯೂಬುಲರ್ ಅಗ್ಗ. ಯಾವ ಊರಿನಲ್ಲೂ ಸಿಗುತ್ತದೆ. ಹಳೆಯದನ್ನು ಕೊಟ್ಟರೆ ಸೀಸದ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳುವಾಗ ಸಿ10 ಎಂದು ಬರೆದದ್ದನ್ನೇ ಕೇಳಿ. ಮಾಮೂಲಿ ಯುಪಿಎಸ್ ಬ್ಯಾಟರಿ ಸಿ20 ಇರುತ್ತದೆ. ಅಂದರೆ 150 ಎಂಬ ಅದೇ ಸಂಖ್ಯೆಯನ್ನು ಇಪ್ಪತ್ತು ಗಂಟೆಯಲ್ಲಿ ನಿಧಾನವಾಗಿ ಬಳಸಿ ಅಳೆದಿರುತ್ತಾರೆ. ಹತ್ತು ಗಂಟೆಯಲ್ಲಿ ಬಳಸಿದರೆ ಅಷ್ಟು ಬರುವುದಿಲ್ಲ. ಸಿ10 ಅಂದರೆ ಹತ್ತು ಗಂಟೆಯಲ್ಲಿ ಬಳಸಿ ಅಳೆದದ್ದು. ತಿಂಗಳಿಗೊಮ್ಮೆ ಮುಚ್ಚಳದ ಮೇಲಿನ ಆರು ತೇಲುಕಡ್ಡಿ ನೋಡಬೇಕು. ಕೆಂಪು ಗೆರೆ ಕಂಡರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬಾವಿ ನೀರು, ಫಿಲ್ಟರ್ ನೀರು ಯಾವುದೂ ನಡೆಯುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ, ಎರಡು ವಾರಕ್ಕೊಮ್ಮೆ ನೋಡಿ.

ಲಿಥಿಯಂಗೆ ಹತ್ತಿರಹತ್ತಿರ ಎರಡರಷ್ಟು ಬೆಲೆ. ಆದರೆ 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯೊಂದು 150ರ ಟ್ಯೂಬುಲರ್‌ಗಿಂತ ಸ್ವಲ್ಪ ಜಾಸ್ತಿಯೇ ಕೆಲಸ ಮಾಡುತ್ತದೆ. ಅದನ್ನು ಶೇಕಡಾ 80, 90ರವರೆಗೆ ಖಾಲಿ ಮಾಡಬಹುದು. ನೀರು ಬೇಡ, ಹೊಗೆ ಇಲ್ಲ, ಒಬ್ಬರೇ ಎತ್ತಿ ಇಡಬಹುದು. ಮನೆಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. ಬೇರೆ ಬಗೆಯ ಲಿಥಿಯಂ ಸೆಲ್ಲುಗಳಿಗಿಂತ ಇದು ಶಾಖವನ್ನು ಚೆನ್ನಾಗಿ ತಡೆಯುತ್ತದೆ.

ಎರಡರ ಲೆಕ್ಕ ಹೀಗೆ ಹಾಕಿ. ಟ್ಯೂಬುಲರ್ ದಿನಾ ಅರ್ಧ ಖಾಲಿಯಾಗಿ ತುಂಬುತ್ತಿದ್ದರೆ 1,300 ಸಲ ಬಂತು ಅಂದುಕೊಳ್ಳಿ. ಒಂದು ಸಲಕ್ಕೆ 0.9 ಯೂನಿಟ್‌ನಂತೆ ಅದರ ಆಯಸ್ಸಿನಲ್ಲಿ 1,170 ಯೂನಿಟ್. 15,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಯೂನಿಟ್‌ಗೆ 13 ರೂಪಾಯಿ ಹತ್ತಿರ. ಲಿಥಿಯಂ 3,000 ಸಲ, 1.1 ಯೂನಿಟ್, 26,000 ರೂಪಾಯಿ ಅಂದರೆ ಯೂನಿಟ್‌ಗೆ 8 ರೂಪಾಯಿ ಸುಮಾರು. ಕಂಬದಿಂದ ಬರುವ ಕರೆಂಟ್ 6 ರೂಪಾಯಿ ಆಸುಪಾಸು. ಬ್ಯಾಟರಿಯಲ್ಲಿ ತುಂಬಿಟ್ಟು ಬಿಲ್ ಉಳಿಸುತ್ತೇನೆ ಎಂದರೆ ಯಾವ ಬ್ಯಾಟರಿಯಲ್ಲೂ ನಷ್ಟವೇ. ಬ್ಯಾಟರಿಗೆ ಕೊಡುವ ದುಡ್ಡು ಕತ್ತಲೆ ತಪ್ಪಿಸಲು ಕೊಡುವ ದುಡ್ಡು. ಹಾಗೆ ನೋಡಿದರೆ ಅದು ದುಬಾರಿಯಲ್ಲ. ರಾತ್ರಿ ನೆಬ್ಯುಲೈಸರ್ ಬೇಕಾದ ಅಜ್ಜ ಇರುವ ಮನೆಯಲ್ಲಿ ಯಾರೂ ಯೂನಿಟ್ ಬೆಲೆ ಕೇಳುವುದಿಲ್ಲ.

ನಿಮ್ಮ ಊರಲ್ಲಿ ಕರೆಂಟ್ ತಿಂಗಳಿಗೆ ನಾಲ್ಕೈದು ಸಲ ಮಾತ್ರ ಹೋಗುತ್ತದೆ ಅಂದರೆ ಟ್ಯೂಬುಲರ್ ತೆಗೆದುಕೊಳ್ಳಿ. ಸಾವಿರಗಟ್ಟಲೆ ಸಲ ಬಳಸುವ ಪ್ರಶ್ನೆಯೇ ಬರುವುದಿಲ್ಲ. ದಿನಾ ರಾತ್ರಿ ಬ್ಯಾಟರಿಯಲ್ಲೇ ನಡೆಯುವ ಮನೆಗೆ ಲಿಥಿಯಂ. ಆದರೆ ಇನ್ವರ್ಟರಿನಲ್ಲಿ ಲಿಥಿಯಂ ಎಂಬ ಆಯ್ಕೆ ಇದೆಯಾ ನೋಡಿ. ಸೀಸದ ಬ್ಯಾಟರಿಗೆಂದು ಮಾಡಿದ ಹಳೆಯ ಯುಪಿಎಸ್‌ಗೆ ಲಿಥಿಯಂ ಸಿಕ್ಕಿಸಿದರೆ ಚಾರ್ಜಿಂಗ್ ವೋಲ್ಟೇಜ್ ಹೊಂದುವುದಿಲ್ಲ, ಒಳಗಿನ ರಕ್ಷಣಾ ಬೋರ್ಡ್ ಆಗಾಗ ಕಟ್ ಆಗುತ್ತದೆ.

ಮಲೆನಾಡಿಗೆ ಒಂದು ಮಾತು

ನಮ್ಮ ಕಡೆ ಕರೆಂಟ್ ಹೋಗುವುದು ಮಳೆಗಾಲದಲ್ಲಿ. ಮರ ಬೀಳುತ್ತದೆ, ಲೈನ್ ಹರಿಯುತ್ತದೆ, ಎರಡು ದಿನ, ಮೂರು ದಿನ. ಬಿಸಿಲು ಇಲ್ಲದ್ದೂ ಆಗಲೇ. ನನ್ನ 670 ವಾಟ್ ಫೆಬ್ರವರಿಯಲ್ಲಿ ದಿನಕ್ಕೆ 2.6 ಯೂನಿಟ್ ಕೊಟ್ಟದ್ದು, ಜುಲೈನ ಜಡಿಮಳೆಯಲ್ಲಿ ಅರ್ಧ ಯೂನಿಟ್‌ಗೆ ಇಳಿದದ್ದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಬೇಸಿಗೆ ಲೆಕ್ಕದಲ್ಲಿ ಪ್ಯಾನೆಲ್ ಹಾಕಿಸಿದವರು ಜುಲೈನಲ್ಲಿ ಕೈಚೆಲ್ಲುತ್ತಾರೆ.

ಅದಕ್ಕೆ ಮಲೆನಾಡಿನವರು, ಕರಾವಳಿಯವರು ಬ್ಯಾಟರಿಗಿಂತ ಪ್ಯಾನೆಲ್ಲಿಗೆ ಜಾಸ್ತಿ ದುಡ್ಡು ಹಾಕಿ. ಪ್ಯಾನೆಲ್ 25 ವರ್ಷ ಬಾಳುತ್ತದೆ, ಮೋಡದಲ್ಲೂ ಅಷ್ಟಿಷ್ಟು ಕೊಡುತ್ತದೆ. ಟ್ಯೂಬುಲರ್ ಬ್ಯಾಟರಿ ಅರ್ಧಂಬರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಕೂತರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಶಕ್ತಿ ಕಳೆದುಕೊಳ್ಳುತ್ತದೆ. ಲಿಥಿಯಂಗೆ ಆ ಬಾಧೆ ಇಲ್ಲ. ಮಳೆನಾಡಿಗೆ ಲಿಥಿಯಂ ಒಪ್ಪುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ. ಇನ್ನೊಂದು, ಇನ್ವರ್ಟರಿನಲ್ಲಿ ಸೋಲಾರ್ ಮೊದಲು, ಲೈನ್ ಮೊದಲು ಎಂಬ ಆಯ್ಕೆ ಇರುತ್ತದೆ. ಜೂನ್ ಬಂದ ಕೂಡಲೇ ಲೈನ್ ಮೊದಲು ಮಾಡಿಡಿ. ಕರೆಂಟ್ ಇದ್ದಷ್ಟು ಹೊತ್ತು ಬ್ಯಾಟರಿ ತುಂಬಿರುತ್ತದೆ, ಮರ ಬಿದ್ದ ರಾತ್ರಿಗೆ ಸಿದ್ಧವಾಗಿರುತ್ತದೆ.

ಅಡಿಕೆ ಮರದ ನೆರಳನ್ನೂ ಹಗುರವಾಗಿ ನೋಡಬೇಡಿ. ಪ್ಯಾನೆಲ್ಲಿನ ಸೆಲ್ಲುಗಳು ಸಾಲಾಗಿ ಜೋಡಿಸಿದವು. ಒಂದು ಸೋಗೆಯ ನೆರಳು ಮೂಲೆಯಲ್ಲಿ ಬಿದ್ದರೂ ಆ ಸಾಲಿನ ಕೆಲಸವೇ ಕುಂಠಿತವಾಗುತ್ತದೆ. ಹಾಕಿಸುವ ಮೊದಲು ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ, ಮೂರು ಗಂಟೆ, ಮೂರು ಹೊತ್ತಿಗೂ ಮಾಡಿನ ಮೇಲೆ ನೆರಳು ಎಲ್ಲಿ ಬೀಳುತ್ತದೆ ನೋಡಿ.

ನಾಲ್ಕು: ಬ್ಯಾಟರಿ ಇಲ್ಲದ, ಲೈನಿಗೆ ಸೇರುವ ಸೋಲಾರ್

ತಿಂಗಳಿಗೆ ಮುನ್ನೂರು ಯೂನಿಟ್ ದಾಟುವ, ಪೂರ್ತಿ ಬಿಲ್ ಕಟ್ಟುವ ಮನೆಗಳಿಗೆ ಇದನ್ನು ಮೀರಿಸುವ ದಾರಿ ಇಲ್ಲ. ಹಗಲು ನಿಮ್ಮ ಪ್ಯಾನೆಲ್ ಮಾಡಿದ್ದರಲ್ಲಿ ಮಿಕ್ಕದ್ದು ಲೈನಿಗೆ ಹೋಗುತ್ತದೆ. ಹೋದದ್ದು ಬಂದದ್ದು ಎರಡನ್ನೂ ಅಳೆಯುವ ಮೀಟರ್ ಕೂರಿಸುತ್ತಾರೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಇಂಥದ್ದಕ್ಕೇ: 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ. ಲೈನಿಗೆ ಸೇರಿಸದ, ಬರೀ ಬ್ಯಾಟರಿಯ ಸೋಲಾರ್‌ಗೆ ಇದು ಸಿಗುವುದಿಲ್ಲ. ಪ್ಯಾನೆಲ್ಲಿನ ಸೆಲ್ಲು ಕೂಡ ದೇಶದಲ್ಲೇ ಮಾಡಿದ್ದಾಗಿರಬೇಕು. "ಸಬ್ಸಿಡಿ ಇದೆ" ಎಂದು ಯಾರಾದರೂ ಬ್ಯಾಟರಿ ಸೆಟ್ ಮಾರಲು ಬಂದರೆ ಈ ಮಾತು ನೆನಪಿರಲಿ.

3 ಕಿಲೋವಾಟ್‌ಗೆ ಸುಮಾರು 300 ಚದರ ಅಡಿ ತಾರಸಿ ಬೇಕು. 2 ಲಕ್ಷದ ಆಸುಪಾಸು ಖರ್ಚಾಗಿ, ಸಬ್ಸಿಡಿ ಕಳೆದು 1.2 ಲಕ್ಷ ನಿಮ್ಮದು ಅಂದುಕೊಳ್ಳೋಣ. ತಿಂಗಳಿಗೆ 350 ಯೂನಿಟ್‌ನಂತೆ 2,100 ರೂಪಾಯಿ ಉಳಿತಾಯ. ಐದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಲೈನಿನಲ್ಲಿ ಕರೆಂಟ್ ಹೋದರೆ ಇದೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಒಂದು ಬಲ್ಬ್ ಉರಿಯುವುದಿಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯಬಾರದು ಎಂದೇ ಹಾಗೆ ಮಾಡಿರುತ್ತಾರೆ. ಹಾಕಿಸಿದ ಮೇಲೆ ಇದು ಗೊತ್ತಾಗಿ ಬೇಸರ ಪಟ್ಟವರನ್ನು ಬಹಳ ನೋಡಿದ್ದೇನೆ. ಜೊತೆಗೆ ಒಂದು ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಮುಗಿಯಿತು.

ಗೃಹಜ್ಯೋತಿಯ ಅಂಚಿನಲ್ಲಿರುವವರು ಬೇರೆ ಲೆಕ್ಕ ಹಾಕಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ 210, 220ಕ್ಕೆ ಹೋಗುವ ಮನೆಗೆ ಲೈನಿಗೆ ಸೇರುವ ಸೋಲಾರ್ ಬೇಕಿಲ್ಲ. ಬಿಎಲ್‌ಡಿಸಿ ಫ್ಯಾನ್, ಜೊತೆಗೆ ಎರಡನೆಯ ದಾರಿಯ ಒಂದು ಪ್ಯಾನೆಲ್, ಇಷ್ಟರಲ್ಲೇ ಆ ಇಪ್ಪತ್ತು ಯೂನಿಟ್ ಇಳಿಯುತ್ತದೆ.

ಲೈನಿಗೂ ಸೇರಿ, ಬ್ಯಾಟರಿಯೂ ಇರುವ ಹೈಬ್ರಿಡ್ ಇದೆ. ಎರಡೂ ತೊಂದರೆಗೆ ಒಂದೇ ಪರಿಹಾರ, ನಿಜ. ಆದರೆ 3 ಕಿಲೋವಾಟ್‌ಗೆ ಲಿಥಿಯಂ ಸೇರಿದರೆ ಖರ್ಚು ಮೂರು ಲಕ್ಷದ ಮೇಲೆ ಹೋಗುತ್ತದೆ. ದೊಡ್ಡ ಬಿಲ್ಲೂ ಇದ್ದು, ಗಂಟೆಗಟ್ಟಲೆ ಕರೆಂಟೂ ಇಲ್ಲದ, ಮನೆಯಿಂದಲೇ ಕೆಲಸ ಮಾಡುವ ಕುಟುಂಬಕ್ಕೆ ಮಾತ್ರ ಇದನ್ನು ಹೇಳುತ್ತೇನೆ.

ಲೈನೇ ಬಾರದ ತೋಟದ ಮನೆ

ಹಿರಿಯೂರು, ಶಿರಾ ಕಡೆಯ ತೋಟದ ಮನೆಗಳಿಂದ ಈ ಪ್ರಶ್ನೆ ಜಾಸ್ತಿ ಬರುತ್ತದೆ. ನಾಲ್ಕು ಲೈಟು, ಒಂದು ಫ್ಯಾನು, ಫೋನ್ ಚಾರ್ಜು ಇಷ್ಟೇ ಬೇಕಾದವರಿಗೆ ಇನ್ವರ್ಟರೇ ಬೇಡ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ 15 ವಾಟ್ ತಿನ್ನುತ್ತದೆ ಅಂದುಕೊಳ್ಳಿ, ದಿನಕ್ಕೆ 360 ವಾಟ್-ಅವರ್ ಆಯಿತು. ನಾಲ್ಕು ಲೈಟು ಅಷ್ಟು ತಿನ್ನುವುದಿಲ್ಲ! 100, 150 ವಾಟಿನ ಪ್ಯಾನೆಲ್, 12 ವೋಲ್ಟಿನ ಸಣ್ಣ ಬ್ಯಾಟರಿ, ಬ್ಯಾಟರಿಯಿಂದ ನೇರವಾಗಿ ನಡೆಯುವ 12 ವೋಲ್ಟಿನ ಡಿಸಿ ಬಲ್ಬು, ಡಿಸಿ ಫ್ಯಾನು ಸಾಕು. 1995ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾದ ಸೆಲ್ಕೋ ಹಳ್ಳಿ ಮನೆಗಳಿಗೆ ಬ್ಯಾಂಕ್ ಸಾಲದ ಜೊತೆ ಕೊಡುತ್ತಾ ಬಂದದ್ದು ಇಂಥ ಸಣ್ಣ ವ್ಯವಸ್ಥೆಗಳನ್ನೇ.

ಯಾವುದನ್ನೇ ಹಾಕಿಸಿ, ಇದನ್ನು ಬಿಡಬೇಡಿ

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 13ರಿಂದ 15 ಡಿಗ್ರಿ ಓರೆಯಾಗಿರಲಿ. ಬ್ಯಾಟರಿಯ ಪಾಸಿಟಿವ್ ವೈರಿಗೆ ಫ್ಯೂಸ್ ಇರಲೇಬೇಕು. ಪ್ಯಾನೆಲ್ ಕಡೆ ಹಾಕುವ ಸ್ವಿಚ್ ಡಿಸಿಗೆಂದೇ ಮಾಡಿದ್ದಾಗಿರಲಿ. ಎಸಿ ಸ್ವಿಚ್ಚಿನಲ್ಲಿ ಡಿಸಿ ಕಿಡಿ ಆರುವುದಿಲ್ಲ. ಸಿಡಿಲಿನ ಊರಾದರೆ ಅರ್ಥಿಂಗ್ ಜೊತೆ, ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸರ್ಜ್ ರಕ್ಷಣೆಯನ್ನೂ ಕೇಳಿ ಹಾಕಿಸಿ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಇಡಬೇಡಿ. ಗಾಳಿಯಾಡುವ ಜಗುಲಿಯ ಮೂಲೆ ಒಳ್ಳೆಯದು.

ದುಡ್ಡು ಈಗ ಪೂರ್ತಿ ಇಲ್ಲ, ಮುಂದಿನ ವರ್ಷ ಇನ್ನೊಂದು ಪ್ಯಾನೆಲ್ ಸೇರಿಸುತ್ತೇನೆ ಎನ್ನುವವರು ಎರಡು ಕೆಲಸ ಇವತ್ತೇ ಮಾಡಿ. ತಾರಸಿಯಿಂದ ಕೆಳಗೆ ಇಳಿಸುವ ವೈರ್ 4ರ ಬದಲು 6 ಚದರ ಮಿಲಿಮೀಟರಿನದು ಎಳೆಸಿ. ಕಂಟ್ರೋಲರ್ ಎರಡು ಪ್ಯಾನೆಲ್ ತಡೆಯುವಷ್ಟು ದೊಡ್ಡದೇ ತೆಗೆದುಕೊಳ್ಳಿ. ಆಮೇಲೆ ಪ್ಯಾನೆಲ್ ಒಂದನ್ನು ತಂದು ಸ್ಟ್ಯಾಂಡಿಗೆ ಬಿಗಿದರೆ ಸಾಕು, ಗೋಡೆ ಒಡೆಯುವ ಕೆಲಸ ಇರುವುದಿಲ್ಲ.